ಒಬ್ಬರೇ ನಡೆಸುವ ಟೈಲರಿಂಗ್ ಅಂಗಡಿ: ಯಾವ ಸಮಯದ ಪದ್ಧತಿ ನಿಮಗೆ ಒಗ್ಗುತ್ತದೆ?

ಅಂಗಡಿಯಲ್ಲಿ ಸಂಬಳಕ್ಕಿರುವ ಹುಡುಗಿ ವಾರಕ್ಕೆ 48 ಗಂಟೆ ದಾಟಿ ದುಡಿದರೆ ಅದು ಓವರ್‌ಟೈಮ್. ವಾರಕ್ಕೊಂದು ಪೂರ್ತಿ ದಿನ ರಜೆ ಅವಳ ಹಕ್ಕು. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹಾಗೆನ್ನುತ್ತದೆ. ಅದೇ ಅಂಗಡಿಯ ಯಜಮಾನಿ ಬೆಳಗ್ಗೆ 9ಕ್ಕೆ ಬಾಗಿಲು ತೆಗೆದು ರಾತ್ರಿ 11ರವರೆಗೆ ಮೆಷಿನ್ ಮುಂದೆ ಕೂತಿದ್ದರೂ ಸಾಕು ಏಳು ಎನ್ನುವವರಿಲ್ಲ. ಆ ಗೆರೆಯನ್ನು ಅವರೇ ಎಳೆದುಕೊಳ್ಳಬೇಕು.

ಹೇಗೆ ಎಳೆಯಬೇಕು ಎನ್ನುವುದಕ್ಕೆ ನಾಲ್ಕು ಪದ್ಧತಿಗಳು ಬಳಕೆಯಲ್ಲಿವೆ. ಬ್ಲೌಸ್ ಹೊಲಿಯುವ, ಒಬ್ಬರೇ ನಡೆಸುವ ಅಂಗಡಿಯನ್ನು ಮುಂದಿಟ್ಟುಕೊಂಡು ಅವನ್ನು ಇಲ್ಲಿ ಹೋಲಿಸಿದ್ದೇವೆ. ಬೇರೆ ಕಸುಬಿನವರಿಗೂ ಕೊನೆಯ ಹೊತ್ತಿಗೆ ಒಂದಿಷ್ಟು ಇದೆ. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ: ಗಂಟೆಗಳು ಕೈತಪ್ಪುವುದು ಆರ್ಡರ್ ಪುಸ್ತಕದಲ್ಲಿ, ತಾರೀಖು ಬರೆದುಕೊಡುವ ಆ ಅರ್ಧ ನಿಮಿಷದಲ್ಲಿ. ಅಲ್ಲಿ ಹಿಡಿತವಿಲ್ಲದಿದ್ದರೆ ಬಾಗಿಲು ಎಷ್ಟು ಹೊತ್ತಿಗೆ ಹಾಕಿದರೂ ಕೆಲಸ ನಿಮ್ಮ ಜತೆಗೇ ಒಳಮನೆಗೆ ಬರುತ್ತದೆ.

ಮೊದಲು ಒಂದು ವಾರ ಗೀಟು ಹಾಕಿ

ಪದ್ಧತಿ ಆರಿಸುವ ಮುಂಚೆ ಈಗ ಎಷ್ಟು ಗಂಟೆ ಹೋಗುತ್ತಿದೆ ಎಂದು ತಿಳಿಯಬೇಕು. ಒಂದು ಹಾಳೆಯನ್ನು ಮೆಷಿನ್ ಎದುರಿನ ಗೋಡೆಗೆ ಅಂಟಿಸಿ ಐದು ಕಾಲಂ ಮಾಡಿ: ಕಟಿಂಗ್ ಮತ್ತು ಹೊಲಿಗೆ, ಕೈಕೆಲಸ, ಗಿರಾಕಿ ಜತೆ ಮಾತು, ಫೋನು, ಹೊರಗಿನ ಓಡಾಟ. ಅರ್ಧ ಗಂಟೆ ಮುಗಿದಾಗಲೆಲ್ಲ ಆ ಹೊತ್ತು ಹೆಚ್ಚಾಗಿ ಯಾವುದಕ್ಕೆ ಹೋಯಿತೋ ಆ ಕಾಲಂನಲ್ಲಿ ಒಂದು ಗೀಟು. ರಾತ್ರಿ ಟಿ.ವಿ. ಮುಂದೆ ಕೂತು ಹುಕ್ ಹಾಕಿದ್ದೂ ಲೆಕ್ಕ. ಲೈನಿಂಗ್ ಬಟ್ಟೆಗೆ ಮ್ಯಾಚಿಂಗ್ ಸೆಂಟರ್‌ಗೆ ಹೋಗಿ ಬಂದದ್ದೂ ಲೆಕ್ಕ. ಬಹಳ ಮಂದಿ ಮೆಷಿನ್ ಓಡಿದ ಹೊತ್ತನ್ನು ಮಾತ್ರ ಕೆಲಸ ಎಂದುಕೊಂಡಿರುತ್ತಾರೆ. ಏಳು ದಿನ ಗೀಟು ಹಾಕಿದರೆ, ಹತ್ತು ಗಂಟೆ ತೆರೆದಿದ್ದ ಅಂಗಡಿಯಲ್ಲಿ ಹೊಲಿಗೆಗೆ ಸಿಕ್ಕಿದ್ದು ಐದಾರು ಗಂಟೆ ಅಷ್ಟೇ ಎಂದು ಕಾಣುತ್ತದೆ.

ಮನೆಯ ಅಡುಗೆ, ಮಕ್ಕಳ ಓದು, ವಯಸ್ಸಾದವರ ಆರೈಕೆ ನಿಮ್ಮ ಮೇಲೇ ಇದ್ದರೆ ಅದಕ್ಕೊಂದು ಆರನೇ ಕಾಲಂ ಬೇಕು. ಮನೆಗೆಲಸಕ್ಕೆ ದಿನಕ್ಕೆ ನಾಲ್ಕು ಗಂಟೆ ಹೋಗುವವರು ಅಂಗಡಿಗೆ 48 ಗಂಟೆ ಇಟ್ಟುಕೊಂಡರೆ ಒಟ್ಟು 76 ಆಗುತ್ತದೆ. ಅಂಥವರು ಮುಂದಿನ ಎಲ್ಲ ಲೆಕ್ಕದಲ್ಲೂ 48ರ ಜಾಗದಲ್ಲಿ 36 ಅಥವಾ 40 ಹಾಕಿಕೊಳ್ಳಿ. ಇದರಲ್ಲಿ ನಾಚಿಕೊಳ್ಳುವಂಥದ್ದೇನೂ ಇಲ್ಲ.

ಗೆರೆ ಲೆಕ್ಕ: ವಾರಕ್ಕೆ ಎಷ್ಟು ಒಪ್ಪಿಕೊಳ್ಳಬಹುದು

ಲೈನಿಂಗ್ ಬ್ಲೌಸ್ ಒಂದಕ್ಕೆ ನುರಿತ ಕೈಗೆ ಹಿಡಿಯುವ ಹೊತ್ತು ಸುಮಾರಾಗಿ ಹೀಗೆ: ಕಟಿಂಗ್ 25 ನಿಮಿಷ, ಹೊಲಿಗೆ 80, ಹೆಮ್ಮಿಂಗ್ ಮತ್ತು ಹುಕ್ 30, ಇಸ್ತ್ರಿ 5, ಟ್ರಯಲ್ ಆದ ಮೇಲಿನ ಸಣ್ಣ ತಿದ್ದುಪಡಿ 10. ಒಟ್ಟು 150 ನಿಮಿಷ, ಎರಡೂವರೆ ಗಂಟೆ. ನಿಮ್ಮ ಕೈ ಇನ್ನೂ ಚುರುಕಾಗಿರಬಹುದು, ನಿಧಾನವೂ ಇರಬಹುದು. ಮೂರು ಬ್ಲೌಸ್‌ಗೆ ಗಡಿಯಾರ ನೋಡಿ ಬರೆದುಕೊಂಡರೆ ನಿಮ್ಮ ಅಂಕಿ ನಿಮಗೆ ಸಿಗುತ್ತದೆ.

ಅರ್ಧ ಗಂಟೆಗೆ ಒಂದು ಗೆರೆ ಎಂದಿಟ್ಟುಕೊಳ್ಳಿ. ಲೈನಿಂಗ್ ಬ್ಲೌಸ್ 5 ಗೆರೆ. ಲೈನಿಂಗ್ ಇಲ್ಲದ ಕಾಟನ್ ಬ್ಲೌಸ್ 3. ಪ್ಯಾಡ್, ಪೈಪಿಂಗ್ ಇರುವ ಪ್ರಿನ್ಸೆಸ್ ಕಟ್ 7. ಸೀರೆಗೆ ಫಾಲ್ ಮತ್ತು ಜಿಗ್‌ಜಾಗ್ 2. ಹಳೆ ಬ್ಲೌಸ್ ಬಿಗಿ ಮಾಡುವುದು, ಸಡಿಲ ಮಾಡುವುದು 1. ಆ ‘ಒಂದು ನಿಮಿಷದ ಕೆಲಸ ಅಕ್ಕಾ’ ಎಂದು ಬರುವ ಆಲ್ಟರೇಶನ್‌ಗೂ ಗೆರೆ ಹಾಕಲೇಬೇಕು. ಮೆಷಿನ್‌ನ ದಾರದ ಬಣ್ಣ ಬದಲಿಸಿ, ಹಳೆ ಹೊಲಿಗೆ ಬಿಚ್ಚಿ, ಮತ್ತೆ ಹಾಕುವಷ್ಟರಲ್ಲಿ ಅರ್ಧ ಗಂಟೆ ಹೋಗಿರುತ್ತದೆ.

ವಾರಕ್ಕೆ 48 ಗಂಟೆ. ಅದರಲ್ಲಿ ಗಿರಾಕಿ, ಫೋನು, ಓಡಾಟ, ಲೆಕ್ಕಪತ್ರಕ್ಕೆ 12 ಕಳೆಯಿರಿ. ಉಳಿದದ್ದು 36 ಗಂಟೆ, ಅಂದರೆ 72 ಗೆರೆ. ಇಷ್ಟನ್ನೂ ಮಾತು ಕೊಟ್ಟುಬಿಡಬೇಡಿ. 60 ಗೆರೆಯಷ್ಟೇ ಒಪ್ಪಿಕೊಳ್ಳಿ, ಅಂದರೆ 12 ಲೈನಿಂಗ್ ಬ್ಲೌಸ್. ಉಳಿದ 12 ಗೆರೆ ಕರೆಂಟ್ ಹೋದದ್ದಕ್ಕೆ, ಮಗುವಿಗೆ ಜ್ವರ ಬಂದದ್ದಕ್ಕೆ, ತೋಳು ಕೂರದೆ ಬಿಚ್ಚಿ ಹೊಲಿದದ್ದಕ್ಕೆ. ಏನೂ ತೊಂದರೆ ಬಾರದ ವಾರದಲ್ಲಿ ಅವೇ ಎರಡು ಅರ್ಜೆಂಟ್ ಬ್ಲೌಸ್‌ಗೆ ಜಾಗ ಆಗುತ್ತವೆ.

ಇದನ್ನು ನಡೆಸುವುದು ಸುಲಭ. ಆರ್ಡರ್ ಪುಸ್ತಕದಲ್ಲಿ ವಾರಕ್ಕೊಂದು ಪುಟ. ಪುಟದ ಮೇಲ್ಭಾಗದಲ್ಲಿ 60 ಎಂದು ಬರೆದು, ಆರ್ಡರ್ ಬಂದಂತೆಲ್ಲ ಕಳೆಯುತ್ತಾ ಬನ್ನಿ. ಸೊನ್ನೆಗೆ ಬಂದ ಮೇಲೆ ಮುಂದಿನ ಪುಟ ತಿರುಗಿಸಿ, ಆ ವಾರದ ತಾರೀಖನ್ನೇ ಕೊಡಿ. ಪುಸ್ತಕ ಗಿರಾಕಿಯ ಕಣ್ಣಿಗೆ ಬೀಳುವಂತೆ ಇಡಿ. ‘ಆಗಲ್ಲ’ ಎಂದು ಬಾಯಲ್ಲಿ ಹೇಳಿದರೆ ಒತ್ತಾಯ ಶುರುವಾಗುತ್ತದೆ, ತುಂಬಿದ ಪುಟ ತೋರಿಸಿದರೆ ಅದು ಬೇಗ ನಿಲ್ಲುತ್ತದೆ.

ಮುಂದೆ ಹೇಳುವ ನಾಲ್ಕು ಪದ್ಧತಿಗಳಲ್ಲಿ ಯಾವುದನ್ನೇ ಆರಿಸಿ, ಗೆರೆ ಲೆಕ್ಕ ಅದರ ಅಡಿಪಾಯ. ಇದಿಲ್ಲದೆ ಪದ್ಧತಿ ಬದಲಿಸಿದವರು ಸಾಮಾನ್ಯವಾಗಿ ಒಂದೂವರೆ ತಿಂಗಳಲ್ಲಿ ಹಳೇ ರಾತ್ರಿ ಪಾಳಿಗೇ ವಾಪಸ್ ಬರುತ್ತಾರೆ.

ಒಂದೇ ಉದ್ದ ಪಾಳಿ: 10ರಿಂದ 7

ನಡುವೆ ಒಂದು ಗಂಟೆ ಊಟಕ್ಕೆ ಬಿಟ್ಟು, ದಿನಕ್ಕೆ 8 ಗಂಟೆ, ವಾರಕ್ಕೆ ಆರು ದಿನ. ಮನೆಯಿಂದ ದೂರ, ಬಾಡಿಗೆ ಮಳಿಗೆಯಲ್ಲಿ ಅಂಗಡಿ ಇರುವವರಿಗೆ ಇದೇ ಸರಿ. ಎರಡು ಸಲ ಬಸ್ ಹತ್ತುವ ಕೆಲಸವಿಲ್ಲ, ಶಟರ್ ಎಳೆದ ಮೇಲೆ ಮೆಷಿನ್ ಅಲ್ಲೇ ಉಳಿಯುತ್ತದೆ. ತೊಂದರೆ ಎಂದರೆ ಗಿರಾಕಿ ಯಾವಾಗ ಬೇಕಾದರೂ ಬರುತ್ತಾರೆ. ಕಟಿಂಗ್ ಮಧ್ಯೆ ನಾಲ್ಕು ಸಲ ಎದ್ದರೆ ಕತ್ತರಿ ತಪ್ಪುತ್ತದೆ. ಸಂಜೆ ಏಳಕ್ಕೆ ಬಂದ ಕೊನೆಯ ಗಿರಾಕಿ ಎಂಟರವರೆಗೆ ಕ್ಯಾಟಲಾಗ್ ನೋಡುತ್ತಾ ಕೂರುವುದೂ ಈ ಪದ್ಧತಿಯಲ್ಲೇ ಹೆಚ್ಚು. ಬೋರ್ಡ್ ಮೇಲೆ ‘ಅಳತೆ ಕೊಡಲು ಸಂಜೆ 6.30ರವರೆಗೆ’ ಎಂದು ಬೇರೆಯಾಗಿ ಬರೆಸಿ.

ಎರಡು ಹೊತ್ತು: 9.30–1.30, 4.30–8.30

ಸಣ್ಣ ಊರುಗಳ ಅಂಗಡಿಗಳು ಮಧ್ಯಾಹ್ನ ಬಾಗಿಲು ಹಾಕುವ ಹಳೇ ಕ್ರಮ ಇದು. ಮನೆ ಮತ್ತು ಅಂಗಡಿ ಒಂದೇ ಬೀದಿಯಲ್ಲಿದ್ದವರಿಗೆ ಬಹಳ ಹಿತ. ಊಟ ಬಿಸಿಯಾಗಿ ಆಗುತ್ತದೆ, ಶಾಲೆಯಿಂದ ಬಂದ ಮಗು ಒಂಟಿಯಾಗಿರುವುದಿಲ್ಲ, ಬೇಸಿಗೆಯ ಮಧ್ಯಾಹ್ನ ತಗಡಿನ ಮಾಡಿನ ಕೆಳಗೆ ಬೇಯುವುದು ತಪ್ಪುತ್ತದೆ. ಆಫೀಸಿಗೆ ಹೋಗುವ ಹೆಂಗಸರು ಸಂಜೆ ಆರರ ಮೇಲೆ ಬರುವುದರಿಂದ ವ್ಯಾಪಾರಕ್ಕೂ ಅನುಕೂಲ.

ಇದು ಹಾಳಾಗುವುದು ಒಂದೇ ಕಾರಣಕ್ಕೆ: ಆ ಮೂರು ಗಂಟೆಯೊಳಗೆ ಹುಕ್ ಹಾಕುವ ಕೆಲಸ ನುಸುಳುತ್ತದೆ. ಮನೆಗೆ ಹೋಗುವಾಗ ಕೈಚೀಲದಲ್ಲಿ ಎರಡು ಬ್ಲೌಸ್ ಹೋಯಿತೆಂದರೆ ಎಂಟು ಗಂಟೆಯ ದಿನ ಹನ್ನೊಂದು ಗಂಟೆಯದಾಯಿತು. ಮಧ್ಯಾಹ್ನ ಅಂಗಡಿಯಿಂದ ಬಟ್ಟೆ ಹೊರಗೆ ಹೋಗಕೂಡದು ಎಂಬ ನಿಯಮವನ್ನು ಪಾಲಿಸಲು ಆಗುವುದಿಲ್ಲ ಎನಿಸಿದರೆ ಈ ಪದ್ಧತಿ ಬೇಡ. ಅಂಗಡಿ ಅರ್ಧ ಗಂಟೆಗಿಂತ ದೂರವಿದ್ದರೂ ಬೇಡ.

ಬಾಗಿಲು ಹಾಕಿದ ಗಂಟೆ, ತೆಗೆದ ಗಂಟೆ

ಮನೆಯಲ್ಲೇ ಹೊಲಿಯುವವರಿಗೆ ನಾವು ಹೆಚ್ಚಾಗಿ ಹೇಳುವುದು ಇದನ್ನು. ಗಿರಾಕಿಗೆ ದಿನಕ್ಕೆ ಎರಡೇ ಕಿಟಕಿ: 11.30ರಿಂದ 1, ಸಂಜೆ 5.30ರಿಂದ 7. ಬೆಳಗ್ಗೆ 9ರಿಂದ 11.30 ಮತ್ತು ಮಧ್ಯಾಹ್ನ 2ರಿಂದ 4.30 ಬಾಗಿಲು ಹಾಕಿ ಕೆಲಸ. ಒಟ್ಟು ದಿನಕ್ಕೆ 8 ಗಂಟೆಯೇ, ಆದರೆ ಅದರಲ್ಲಿ 5 ಗಂಟೆ ಯಾರೂ ಮುಟ್ಟದ್ದು. ಗಿರಾಕಿ ಇಲ್ಲದಾಗ ತೆರೆದ ಬಾಗಿಲ ಹಿಂದೆ ಹೆಮ್ಮಿಂಗ್, ಹುಕ್ ನಡೆಯುತ್ತದೆ. ಅದರಲ್ಲಿ ದಿನಕ್ಕೆ ಇನ್ನೊಂದು ಗಂಟೆ ಸಿಕ್ಕರೆ ವಾರಕ್ಕೆ ಅದೇ 36 ಗಂಟೆ ಕೂಡುತ್ತದೆ.

ಬೆಳಗಿನ ಹೊತ್ತನ್ನು ಕಟಿಂಗ್‌ಗೇ ಮೀಸಲಿಡಿ. ಕಾರಣ ಬೆಳಕು ಮತ್ತು ತಲೆ ಎರಡೂ. ರೇಷ್ಮೆ ಸೀರೆಯ ಬ್ಲೌಸ್ ಪೀಸ್ ಸೀರೆಯ ಜತೆಗೇ ನೇಯ್ದದ್ದು. ಅದೇ ಬಣ್ಣ, ಅದೇ ಅಂಚು ಬೇರೆಲ್ಲೂ ಸಿಗುವುದಿಲ್ಲ. ಎರಡು ತೋಳನ್ನೂ ಒಂದೇ ಕೈಗೆ ಬರುವಂತೆ ಕತ್ತರಿಸುವುದು, ಅಂಚನ್ನು ಮೇಲುಕೆಳಗು ಮಾಡುವುದು, ಹಿಂಭಾಗದ ಕುತ್ತಿಗೆಯ ಆಳವನ್ನು ಮುಂಭಾಗಕ್ಕೆ ತೆಗೆಯುವುದು, ಇವೆಲ್ಲ ದಣಿದ ಕಣ್ಣಿನ ತಪ್ಪುಗಳು. ಟ್ಯೂಬ್‌ಲೈಟ್ ಕೆಳಗೆ ಸರಿಯಾಗಿದೆ ಎಂದುಕೊಂಡ ಮೆರೂನ್ ದಾರ ಬೆಳಗ್ಗೆ ಬಿಸಿಲಿಗೆ ಹಿಡಿದರೆ ಕಂದು ಬಣ್ಣವಾಗಿರುತ್ತದೆ. ರಾತ್ರಿ ಊಟ ಆದ ಮೇಲೆ ಕತ್ತರಿ ಮುಟ್ಟುವುದಿಲ್ಲ ಎಂಬ ಒಂದು ನಿಯಮ ಎಷ್ಟೋ ಬ್ಲೌಸ್ ಪೀಸ್ ಉಳಿಸುತ್ತದೆ.

ಮೊದಲ ಮೂರು ವಾರ ಗಿರಾಕಿಗಳು ಗೊಣಗುತ್ತಾರೆ. ಮನೆ ಎಂದ ಮೇಲೆ ರಾತ್ರಿ ಒಂಬತ್ತಕ್ಕೂ ಬಾಗಿಲು ತಟ್ಟುವವರಿದ್ದಾರೆ. ಹೊಲಿಗೆ ಕೋಣೆಯ ಬೀದಿ ಬದಿಯ ದೀಪ ಆರಿಸಿ, ಪರದೆ ಎಳೆಯಿರಿ. ಉರಿಯುವ ದೀಪವೇ ಅರ್ಧ ಆಹ್ವಾನ. ವಾಟ್ಸಾಪ್ ಬಿಸಿನೆಸ್ ಹಾಕಿಕೊಂಡು ಅದರಲ್ಲಿ ವ್ಯವಹಾರದ ಸಮಯ ನಮೂದಿಸಿ, ಆ ಸಮಯದ ಹೊರಗೆ ಮಾತ್ರ ತಾನಾಗಿ ಹೋಗುವ ಉತ್ತರವನ್ನು ಕನ್ನಡದಲ್ಲೇ ಬರೆದಿಡಿ: ‘ನಿಮ್ಮ ಮೆಸೇಜ್ ಬಂದಿದೆ. ಈಗ ಹೊಲಿಗೆಯಲ್ಲಿದ್ದೇನೆ. 11.30ರ ಮೇಲೆ ಅಥವಾ ಸಂಜೆ 5.30ರ ಮೇಲೆ ಉತ್ತರ ಕೊಡುತ್ತೇನೆ.’ ಮನೆಯವರ ಫೋನು ನಂಬರ್ ಬೇರೆ, ಅಂಗಡಿಯದು ಬೇರೆ ಇರಲಿ. ಒಂದೇ ನಂಬರ್ ಇದ್ದರೆ ಅಮ್ಮನ ಫೋನು ಬಂದಾಗಲೂ ಎದೆ ಧಸಕ್ ಎನ್ನುತ್ತದೆ.

ಹೊಸದಾಗಿ ಅಂಗಡಿ ಹಾಕಿ ಇನ್ನೂ ಗಿರಾಕಿ ಕೂಡಿಸಿಕೊಳ್ಳುತ್ತಿರುವವರಿಗೆ ಈ ಪದ್ಧತಿ ಬೇಡ. ಹೋಗುವ ಬರುವವರಿಗೆ ಬಾಗಿಲು ತೆರೆದೇ ಕಾಣಬೇಕು. ವಾರದ ಪುಟ ಸತತವಾಗಿ ಎರಡು ತಿಂಗಳು ತುಂಬಿದ ಮೇಲೆ ಇದಕ್ಕೆ ಬದಲಾಯಿಸಿ.

ಸೀಸನ್ ನೋಡಿ ಏರಿಳಿಸುವುದು

ಬ್ಲೌಸ್ ಹೊಲಿಗೆಗೆ ಪಂಚಾಂಗವೇ ಕ್ಯಾಲೆಂಡರ್. ಆಷಾಢದಲ್ಲಿ ಮದುವೆ ಇಲ್ಲ, ಪುಟ ಖಾಲಿ. ಶ್ರಾವಣ ಬಂದರೆ ವರಮಹಾಲಕ್ಷ್ಮಿ, ಆಮೇಲೆ ಗೌರಿ ಹಬ್ಬ. ಪಿತೃಪಕ್ಷದ ಹದಿನೈದು ದಿನ ಶುಭಕಾರ್ಯವಿಲ್ಲ, ಆದರೆ ದಸರಾ ಬಟ್ಟೆ ಆಗಲೇ ಬಂದು ಕೂತಿರುತ್ತದೆ. ದೀಪಾವಳಿ, ಕಾರ್ತಿಕದ ಮದುವೆಗಳು. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ಧನುರ್ಮಾಸ, ಮತ್ತೆ ಬಿಡುವು. ಮಾಘದಿಂದ ವೈಶಾಖದವರೆಗೆ ಮದುವೆಗಳದ್ದೇ ಸಾಲು. ಸುಮಾರು 32–33 ತಿಂಗಳಿಗೊಮ್ಮೆ ಬರುವ ಅಧಿಕ ಮಾಸ ಇನ್ನೊಂದು ಖಾಲಿ ತಿಂಗಳು ಕೊಡುತ್ತದೆ. 2026ರಲ್ಲಿ ಅದು ಅಧಿಕ ಜ್ಯೇಷ್ಠ.

ಹಾಗಾಗಿ ವರ್ಷವಿಡೀ ಒಂದೇ ಸಮ ದುಡಿಯುವುದು ಈ ಕಸುಬಿನಲ್ಲಿ ನಡೆಯದ ಮಾತು. ಸೀಸನ್‌ನಲ್ಲಿ ಏರಿಸಿ, ಆದರೆ ಎಲ್ಲಿಯವರೆಗೆ ಎನ್ನುವುದಕ್ಕೆ ಮಿತಿ ಇರಲಿ. ದಿನಕ್ಕೆ 9 ಗಂಟೆ, ಆರು ದಿನ, ಒಟ್ಟು 54. ಆಗ ಹೊಲಿಗೆಗೆ 42 ಗಂಟೆ, 84 ಗೆರೆ. ಮಾತು ಕೊಡುವುದು 72. ವಾರದ ರಜೆ ಸೀಸನ್‌ನಲ್ಲೂ ಇರಲೇಬೇಕು. ಹೀಗೆ ಏರಿಸಿದ್ದು ನಾಲ್ಕು ವಾರವಾದರೆ ನಂತರದ ನಾಲ್ಕು ವಾರದ ಪುಟಗಳ ತಲೆಯ ಮೇಲೆ 60ರ ಬದಲು 40 ಬರೆಯಿರಿ.

54ಕ್ಕೇ ಏಕೆ ನಿಲ್ಲಬೇಕು ಎಂದು ಕೇಳಬಹುದು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಾರಕ್ಕೆ 35–40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಮತ್ತು ಅದಕ್ಕಿಂತ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ 35%, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ 17% ಹೆಚ್ಚು. ಅಷ್ಟು ದುಡಿದು ಬಟ್ಟೆಯಾದರೂ ಹೆಚ್ಚು ಮುಗಿಯುತ್ತದೆಯೇ? ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳಲ್ಲಿ ದುಡಿದವರ, ಅವರಲ್ಲಿ ಬಹುಪಾಲು ಹೆಂಗಸರು, ದಾಖಲೆಗಳನ್ನು ಅರ್ಥಶಾಸ್ತ್ರಜ್ಞ ಜಾನ್ ಪೆಂಕವೆಲ್ 2014ರಲ್ಲಿ ಮತ್ತೆ ತೆಗೆದು ಲೆಕ್ಕ ಹಾಕಿದರು. ವಾರಕ್ಕೆ 70 ಗಂಟೆ ದುಡಿದಾಗ ಆದ ಕೆಲಸಕ್ಕೂ 56 ಗಂಟೆ ದುಡಿದಾಗ ಆದ ಕೆಲಸಕ್ಕೂ ಹೆಚ್ಚಿನ ವ್ಯತ್ಯಾಸ ಇರಲಿಲ್ಲ. ರಾತ್ರಿ ಹನ್ನೊಂದರ ಹೊಲಿಗೆಯನ್ನು ಬೆಳಗ್ಗೆ ಒಂಬತ್ತಕ್ಕೆ ಬಿಚ್ಚುವವರಿಗೆ ಇದು ಗೊತ್ತಿರುವ ವಿಷಯವೇ.

ಸೀಸನ್ ಪದ್ಧತಿ ಮುರಿಯುವುದು ದುಡ್ಡಿನ ಕಡೆಯಿಂದ. ಮೆಷಿನ್ ಸಾಲದ ಇಎಂಐ, ಸ್ವಸಹಾಯ ಸಂಘದ ವಾರದ ಕಂತು ಆಷಾಢ ನೋಡಿ ನಿಲ್ಲುವುದಿಲ್ಲ. ಖಾಲಿ ತಿಂಗಳಲ್ಲಿ ಕೈ ಬರಿದಾದರೆ ಬಂದ ಅಗ್ಗದ ಯೂನಿಫಾರ್ಮ್ ಆರ್ಡರ್ ಎಲ್ಲ ಒಪ್ಪಿಕೊಂಡು, ವಿಶ್ರಾಂತಿಯ ತಿಂಗಳೂ ರಾತ್ರಿ ಪಾಳಿಯಾಗುತ್ತದೆ. ಸೀಸನ್‌ನ ಪ್ರತಿ ವಾರದ ಗಳಿಕೆಯಲ್ಲಿ ಆರರಲ್ಲಿ ಒಂದು ಪಾಲನ್ನು ಬೇರೆ ಖಾತೆಗೆ ಹಾಕಿ, ಎಟಿಎಂ ಕಾರ್ಡನ್ನು ಮನೆಯಲ್ಲೇ ಬಿಡಿ. ಸಾಲ ತೆಗೆಯುವಾಗ ಕಂತನ್ನು ಸೀಸನ್ ಗಳಿಕೆಗೆ ಹೊಂದಿಸಬೇಡಿ, ಆಷಾಢದ ಗಳಿಕೆಗೆ ಹೊಂದಿಸಿ.

ರಜೆ ಯಾವ ದಿನ

ಅಮಾವಾಸ್ಯೆಗೆ ಮಾತ್ರ ಮೆಷಿನ್ ನಿಲ್ಲಿಸುವವರು ಬಹಳ. ವರ್ಷಕ್ಕೆ 12–13 ದಿನ ರಜೆ ಆಯಿತು, ಅದು ಸಾಲದು. ಎರಡು ಅರ್ಧ ದಿನಗಳ ರಜೆಯನ್ನು ಕೆಲವರು ಇಟ್ಟುಕೊಳ್ಳುತ್ತಾರೆ. ಅದರ ಅನುಭವ ಚೆನ್ನಾಗಿಲ್ಲ, ಅರ್ಧ ದಿನ ಯಾವಾಗಲೂ ಮುಕ್ಕಾಲು ದಿನ ಕೆಲಸವಾಗುತ್ತದೆ. ವಾರಕ್ಕೊಂದು ಪೂರ್ತಿ ದಿನವೇ ಬೇಕು. ಭಾನುವಾರ ಬಿಡುವಾಗಿ ಬರುವ ಗಿರಾಕಿಗಳು ಹೆಚ್ಚಿದ್ದರೆ ವಾರದ ನಡುವಿನ ದಿನ ಆರಿಸಿ. ಆರ್ಡರ್ ಪುಸ್ತಕದ ಹಿಂದಿನ ಎರಡು ತಿಂಗಳು ನೋಡಿದರೆ ಯಾವ ದಿನ ಅತಿ ಕಡಿಮೆ ಜನ ಬಂದಿದ್ದಾರೆ ಎಂದು ಗೊತ್ತಾಗುತ್ತದೆ. ರಜೆಯ ಹಿಂದಿನ ದಿನ ಯಾವ ಡೆಲಿವರಿಯನ್ನೂ ಇಡಬೇಡಿ. ಇಟ್ಟರೆ ತಡವಾದ ಬ್ಲೌಸ್ ರಜೆಯ ದಿನವನ್ನು ನುಂಗುತ್ತದೆ.

ಗಂಟೆ ಇಳಿಸಲು ಮೂರು ದಾರಿ: ದರ, ಹಂಚಿಕೆ, ಸಹಾಯಕಿ

ಪುಟ ಪ್ರತಿ ವಾರ ತುಂಬಿ ಹೊರಚೆಲ್ಲುತ್ತಿದ್ದರೆ ‘ಒಬ್ಬಳನ್ನ ಇಟ್ಕೋ’ ಎಂದು ಎಲ್ಲರೂ ಹೇಳುತ್ತಾರೆ. ನಾವು ಅದನ್ನು ಕೊನೆಗಿಡುತ್ತೇವೆ.

ಮೊದಲು ದರ. ಉದಾಹರಣೆಗೆ ಲೈನಿಂಗ್ ಬ್ಲೌಸ್‌ಗೆ 500 ರೂಪಾಯಿ, ವಾರಕ್ಕೆ 14 ಹೊಲಿಯುತ್ತೀರಿ, ಬಂದದ್ದು 7,000. ದರವನ್ನು 575ಕ್ಕೆ ಏರಿಸಿ, ಇಬ್ಬರು ಗಿರಾಕಿ ಬಿಟ್ಟುಹೋಗಿ 12 ಉಳಿದರೆ ಬರುವುದು 6,900. ನೂರು ರೂಪಾಯಿ ಕಡಿಮೆ, ಐದು ಗಂಟೆ ಉಳಿತಾಯ. ಆ ಎರಡು ಬ್ಲೌಸ್‌ನ ಲೈನಿಂಗ್, ದಾರ, ಹುಕ್ ನಿಮ್ಮ ಖರ್ಚಿನದ್ದಾಗಿದ್ದರೆ ನೂರು ರೂಪಾಯಿಯೂ ಕಳೆದುಹೋಗಿಲ್ಲ. ದರ ಏರಿಸಲು ಶ್ರಾವಣದ ಮೊದಲ ವಾರ ಅಥವಾ ಯುಗಾದಿ ಸರಿಯಾದ ಸಮಯ. ಹದಿನೈದು ದಿನ ಮುಂಚೆ ಬೋರ್ಡ್ ಹಾಕಿ, ಆಗಲೇ ಒಪ್ಪಿಕೊಂಡ ಬಟ್ಟೆಗೆ ಹಳೇ ದರವನ್ನೇ ತೆಗೆದುಕೊಳ್ಳಿ.

ಎರಡನೆಯದು ಕೈಕೆಲಸದ ಹಂಚಿಕೆ. ಹೆಮ್ಮಿಂಗ್, ಹುಕ್, ಸೀರೆ ಕುಚ್ಚು, ಫಾಲ್ ಇವನ್ನು ಮನೆಯಲ್ಲೇ ಕೂತು ಮಾಡಿಕೊಡುವವರು ಪ್ರತಿ ಬಡಾವಣೆಯಲ್ಲೂ ಇರುತ್ತಾರೆ. ಹೆಮ್ಮಿಂಗ್ ಮತ್ತು ಹುಕ್ ಹೊರಗೆ ಕೊಟ್ಟರೆ ಬ್ಲೌಸ್‌ಗೆ ಅರ್ಧ ಗಂಟೆ ಉಳಿಯುತ್ತದೆ, 14 ಬ್ಲೌಸ್‌ಗೆ ಏಳು ಗಂಟೆ. ಪೀಸ್‌ಗೆ ಇಷ್ಟು ಎಂದು ಮಾತಾಡಿ, ಪ್ರತಿ ಶನಿವಾರ ಲೆಕ್ಕ ಚುಕ್ತಾ ಮಾಡಿ. ಎಡವುವುದು ಎಲ್ಲಿ ಎಂದರೆ, ಆ ಉಳಿದ ಏಳು ಗಂಟೆಗೆ ತಕ್ಷಣ ಮೂರು ಹೊಸ ಬ್ಲೌಸ್ ಒಪ್ಪಿಕೊಳ್ಳುವುದು. ಮೊದಲ ತಿಂಗಳು ಪುಟದ ಮೇಲಿನ 60ನ್ನು ಬದಲಿಸದೇ ಇದ್ದು ನೋಡಿ.

ಮೂರನೆಯದು ಸಂಬಳದ ಸಹಾಯಕಿ. ಅವಳ ಕೈ ಕೂರುವವರೆಗೆ ಎರಡು ಮೂರು ತಿಂಗಳು ನಿಮ್ಮ ಗಂಟೆ ಇಳಿಯುವುದಿಲ್ಲ, ಏರುತ್ತದೆ. ಹೇಳಿಕೊಡುವುದು, ಹೊಲಿದದ್ದನ್ನು ನೋಡುವುದು, ಬಿಚ್ಚಿಸುವುದು ಎಂದು ದಿನಕ್ಕೆ ಒಂದು ಗಂಟೆ ಹೋಗುತ್ತದೆ. ಆಷಾಢದಲ್ಲೂ ಅವಳಿಗೆ ಸಂಬಳ ಕೊಡಬೇಕು, ಕೆಲಸ ಇಲ್ಲ ಎಂದು ಕಳಿಸುವಂತಿಲ್ಲ. ವರ್ಷದಲ್ಲಿ ಎಂಟು ತಿಂಗಳು ಪುಟ ತುಂಬಿ, ದರ ಏರಿಸಿದ ಮೇಲೂ ತುಂಬುತ್ತಿದ್ದರೆ ಆಗ ಇಟ್ಟುಕೊಳ್ಳಿ. ಸೇರಿಸಿಕೊಳ್ಳುವುದು ಖಾಲಿ ತಿಂಗಳಲ್ಲಿ, ಹಬ್ಬದ ಹಿಂದಿನ ವಾರದಲ್ಲಲ್ಲ.

ಅಡ್ವಾನ್ಸ್ ವಿಷಯವೂ ಗಂಟೆಗೆ ಸಂಬಂಧಿಸಿದ್ದೇ. ಅರ್ಧ ಹಣ ಮುಂಗಡ ತೆಗೆದುಕೊಂಡರೆ, ಹೊಲಿದಿಟ್ಟ ಬ್ಲೌಸ್ ಒಯ್ಯಲು ನಾಲ್ಕು ಸಲ ಫೋನು ಮಾಡಿ ಕರೆಯುವ ಕೆಲಸ ತಪ್ಪುತ್ತದೆ. ಅರ್ಜೆಂಟ್‌ಗೆ ಅರ್ಧದಷ್ಟು ಹೆಚ್ಚು ದರ, ವಾರಕ್ಕೆ ಎರಡೇ.

ದಣಿವೋ, ಅದಕ್ಕಿಂತ ಮುಂದಿನದೋ

ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ–11 ಪಟ್ಟಿಯಲ್ಲಿ ಬರ್ನ್‌ಔಟ್ ಅನ್ನು ಕಾಯಿಲೆ ಎಂದು ಹೇಳಿಲ್ಲ, ಕೆಲಸದಿಂದ ಹುಟ್ಟುವ ಸ್ಥಿತಿ ಎಂದಿದೆ. ಮೂರು ಲಕ್ಷಣ: ಶಕ್ತಿ ಬತ್ತಿಹೋಗುವುದು, ಕೆಲಸದ ಬಗ್ಗೆಯೇ ಬೇಸರ ಮತ್ತು ದೂರ ಸರಿಯುವ ಮನಸ್ಸು, ಕೈಯಿಂದ ಮೊದಲಿನಂತೆ ಆಗುತ್ತಿಲ್ಲ ಎನಿಸುವುದು. ಹೊಲಿಗೆ ಕೋಣೆಯಲ್ಲಿ ಅದು ಹೀಗೆ ಕಾಣುತ್ತದೆ. ರಜೆಯ ಮಾರನೇ ದಿನವೂ ಮೆಷಿನ್ ಕವರ್ ತೆಗೆಯಲು ಮನಸ್ಸಿಲ್ಲ. ವರ್ಷಗಳಿಂದ ಬರುವ ಒಳ್ಳೆಯ ಗಿರಾಕಿಯ ದನಿ ಕೇಳಿದರೂ ಸಿಡುಕು. ಕಣ್ಣು ಮುಚ್ಚಿ ಕೂರಿಸುತ್ತಿದ್ದ ತೋಳನ್ನು ಮೂರು ಸಲ ಬಿಚ್ಚಬೇಕಾಗುತ್ತದೆ.

ಹೆಚ್ಚು ದುಡಿದ ವಾರದ ದಣಿವು ಎರಡು ದಿನದ ನಿದ್ದೆಗೆ ಇಳಿಯುತ್ತದೆ. ಮೂರು ವಾರ ಗೆರೆ ಇಳಿಸಿ, ರಜೆ ತೆಗೆದುಕೊಂಡೂ ಇಳಿಯದಿದ್ದರೆ ವೈದ್ಯರ ಹತ್ತಿರ ಹೋಗಿ ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ. ರಕ್ತಹೀನತೆ ಮತ್ತು ಥೈರಾಯ್ಡ್ ತೊಂದರೆಯ ಸುಸ್ತು ಹೊರಗಿನಿಂದ ನೋಡಿದರೆ ಇದೇ ತರಹ ಇರುತ್ತದೆ. ನಿದ್ದೆ ಬರುತ್ತಿಲ್ಲ, ಏನೂ ಬೇಡ ಎನಿಸುತ್ತಿದೆ, ಅಳು ತಡೆಯಲಾಗುತ್ತಿಲ್ಲ ಎಂದಾದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆಗೆ ಹಣವಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಬೇರೆ ಕಸುಬಿನವರಿಗೆ

ಕಿರಾಣಿ, ಕಾಂಡಿಮೆಂಟ್ಸ್ ಅಂಗಡಿಗೆ ಬಾಗಿಲು ಹಾಕಿದ ಗಂಟೆ ನಡೆಯುವುದಿಲ್ಲ. ಅಲ್ಲಿ ಎರಡು ಹೊತ್ತಿನ ಪದ್ಧತಿ ಮತ್ತು ವಾರದ ರಜೆಯೇ ಗತಿ. ಮನೆಯಲ್ಲಿ ಕೇಕ್ ಮಾಡುವವರಿಗೆ ಗೆರೆ ಲೆಕ್ಕ ಹೇಳಿ ಮಾಡಿಸಿದ್ದು, ಓವನ್ ಹಿಡಿಸುವಷ್ಟೇ ಮಿತಿ. ತೆರಿಗೆ ಸಲಹೆಗಾರರಿಗೆ ತಿಂಗಳ 11 ಮತ್ತು 20ರ ಜಿಎಸ್‌ಟಿ ತಾರೀಖುಗಳೇ ಸೀಸನ್. ಗಿರಾಕಿಗಳ ಬಿಲ್ಲು 5ರೊಳಗೆ ಕೈಸೇರಬೇಕು ಎಂಬ ನಿಯಮ ಇಟ್ಟರೆ ಅರ್ಧ ರಾತ್ರಿಗಳು ಉಳಿಯುತ್ತವೆ. ವಹಿವಾಟು 5 ಕೋಟಿಯೊಳಗಿನವರನ್ನು ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವ ಕ್ರಮಕ್ಕೆ ಸೇರಿಸಿದರೆ ಇನ್ನಷ್ಟು ಹಗುರ. ಅಮೆರಿಕದ ಗಿರಾಕಿಗಳಿಗೆ ಡಿಸೈನ್, ಕೋಡಿಂಗ್ ಮಾಡಿಕೊಡುವವರು ಸಂಜೆ 6.30ರಿಂದ 8.30 ಮಾತ್ರ ಕರೆಗೆ ಸಿಗುತ್ತೇನೆ ಎಂದು ಕರಾರಿನಲ್ಲೇ ಬರೆಯಲಿ. ಬೇಸಿಗೆಯ ತಿಂಗಳುಗಳಲ್ಲಿ ಅದು ನ್ಯೂಯಾರ್ಕಿನ ಬೆಳಗ್ಗೆ 9ರಿಂದ 11. ಸಂಜೆ ಕರೆ ಇರುವ ದಿನ ಬೆಳಗ್ಗೆ 11ಕ್ಕೆ ಮುಂಚೆ ಕಂಪ್ಯೂಟರ್ ತೆರೆಯಬೇಡಿ.

ಈಗಾಗಲೇ ಮಾತು ಕೊಟ್ಟು ಸಿಕ್ಕಿಕೊಂಡಿದ್ದರೆ

ಹಬ್ಬಕ್ಕೆ ಎಂಟು ದಿನ, ಕೈಯಲ್ಲಿ 22 ಬ್ಲೌಸ್. ಎಲ್ಲವನ್ನೂ ಮಂಚದ ಮೇಲೆ ಹರವಿ, ಚೀಟಿ ನೋಡಿ ಮೂರು ರಾಶಿ ಮಾಡಿ. ಹಬ್ಬಕ್ಕೇ ಉಡುವಂಥವು ಒಂದು. ಮದುವೆ, ಗೃಹಪ್ರವೇಶ ಎಂದು ಬೇರೆ ತಾರೀಖು ಇರುವಂಥವು ಎರಡನೆಯದು. ತಾರೀಖೇ ಇಲ್ಲದವು, ‘ಯಾವಾಗಾದ್ರೂ ಕೊಡಿ’ ಎಂದವರದ್ದು ಮೂರನೆಯದು. ಮೂರನೇ ರಾಶಿಯಲ್ಲಿ ಸಾಮಾನ್ಯವಾಗಿ ಎಣಿಸಿದ್ದಕ್ಕಿಂತ ಹೆಚ್ಚೇ ಇರುತ್ತವೆ, ಅವನ್ನು ಚೀಲಕ್ಕೆ ಹಾಕಿ ಅಟ್ಟದ ಮೇಲಿಡಿ. ಕಣ್ಣೆದುರು ಇದ್ದರೆ ಅವೂ ಭಾರವೇ. ಮೊದಲ ರಾಶಿಯನ್ನು ಎರಡು ಬೆಳಗ್ಗೆಯಲ್ಲಿ ಒಟ್ಟಿಗೆ ಕತ್ತರಿಸಿ, ಒಂದೇ ಬಣ್ಣದ ದಾರದವನ್ನು ಒಂದರ ಹಿಂದೊಂದು ಹೊಲಿಯಿರಿ, ಕೈಕೆಲಸ ಪೂರ್ತಿ ಹೊರಗೆ ಕೊಡಿ. ಕರೆಂಟ್ ಹೋಗುವ ಪ್ರಕಟಣೆ ಇದ್ದ ದಿನಕ್ಕೆ ಟ್ರಯಲ್‌ಗಳನ್ನು ಹಾಕಿ.

ಎರಡನೇ ರಾಶಿಯವರಿಗೆ ಇವತ್ತೇ ಫೋನು ಮಾಡಿ. ಕೊನೆಯ ದಿನ ಅವರು ಬಾಗಿಲಿಗೆ ಬಂದಾಗ ಹೇಳುವುದಕ್ಕೂ ಒಂದು ವಾರ ಮುಂಚೆ ನೀವಾಗಿ ಹೇಳುವುದಕ್ಕೂ ಅಜಗಜಾಂತರ. ಕಾರಣ ಬೆಳೆಸಬೇಡಿ, ಹುಷಾರಿಲ್ಲ ಎಂದು ಸುಳ್ಳು ಹೇಳಬೇಡಿ, ಎರಡು ತಾರೀಖು ಕೊಡಿ: ‘ಅಕ್ಕಾ, ನಿಮ್ಮ ಬ್ಲೌಸ್ ಶುಕ್ರವಾರ ಕೊಡ್ತೀನಿ ಅಂದಿದ್ದೆ, ಆಗ್ತಾ ಇಲ್ಲ. ನಿಮ್ಮ ಫಂಕ್ಷನ್ ಇಪ್ಪತ್ನಾಲ್ಕಕ್ಕೆ ಅಲ್ವಾ? ಹತ್ತೊಂಬತ್ತಕ್ಕೆ ಟ್ರಯಲ್‌ಗೆ ಬನ್ನಿ, ಇಪ್ಪತ್ತೊಂದಕ್ಕೆ ಖಂಡಿತ ಕೈಗೆ ಕೊಡ್ತೀನಿ.’ ಫೋನು ಇಡುವ ಮುಂಚೆ ಆ ಎರಡು ತಾರೀಖನ್ನೂ ಆ ವಾರದ ಪುಟದಲ್ಲಿ ಬರೆದು, 60ರಿಂದ 5 ಗೆರೆ ಕಳೆಯಿರಿ.